ಒಂದು ಎಂಜಿನ್ ಕೆಟ್ಟ ಮೇಲೂ ವಿಮಾನ ಮೇಲೇಳುವುದೇಕೆ?

ಪ್ರಶ್ನೆ: ನಾನು ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಮಷಿನಿಸ್ಟ್. ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮಧ್ಯಾಹ್ನದ ವಿಮಾನ ಹತ್ತಿದ್ದೆ. ಒಳಗೆ ಸೀಟು ಖಾಲಿ ಇದ್ದವು, ಆದರೂ ಕೆಲವರ ಲಗೇಜು ಕೆಳಗಿಳಿಸಿದರು. ಕೇಳಿದರೆ ‘ಬಿಸಿಲು ಜಾಸ್ತಿ ಐತ್ರಿ, ಒಂದು ಎಂಜಿನ್ ಹೋದ್ರೂ ಏರಬೇಕಲ್ಲ’ ಎಂದರು. ಎಂಜಿನ್ ಹೋದರೆ ನಿಲ್ಲಿಸಬೇಕು, ಏರುವುದೇಕೆ? ನಾಲ್ಕು ಎಂಜಿನ್ನಿನ ಸರಕು ವಿಮಾನಕ್ಕೂ ಇದೇ ಲೆಕ್ಕವೇ?

ಉತ್ತರ: ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಪ್ರಯಾಣಿಕ ವಿಮಾನ ರನ್‌ವೇಗೆ ಬರುವ ಮೊದಲೇ, ಅದರ ಒಂದು ಎಂಜಿನ್ ಅತ್ಯಂತ ಕೆಟ್ಟ ಗಳಿಗೆಯಲ್ಲಿ ನಿಲ್ಲುತ್ತದೆ ಎಂದೇ ಇಟ್ಟುಕೊಂಡು ತೂಕ ಲೆಕ್ಕ ಹಾಕಿರುತ್ತಾರೆ. ಎರಡೂ ಎಂಜಿನ್ ಚೆನ್ನಾಗಿದ್ದಾಗ ಎಷ್ಟು ಭಾರ ಎತ್ತಬಹುದು ಎಂಬುದನ್ನು ಸಾಮಾನ್ಯವಾಗಿ ಯಾರೂ ಕೇಳುವುದೇ ಇಲ್ಲ. ಒಂದರಲ್ಲೇ ಎಷ್ಟು ಎತ್ತಬಹುದು ಎಂಬುದೇ ಮಿತಿ. ನಿಮ್ಮ ಜೊತೆಯವರ ಲಗೇಜು ಉಳಿದದ್ದು ಆ ಮಿತಿಯ ಆಚೆ ಬಿದ್ದದ್ದರಿಂದ.

ಈ ಲೆಕ್ಕದ ನಡುಗಂಬ ‘ವಿ-1’ ಎಂಬ ವೇಗ. ಇದನ್ನು ‘ನಿರ್ಧಾರ ಮಾಡುವ ವೇಗ’ ಎಂದು ಬಹಳ ಕಡೆ ಬರೆಯುತ್ತಾರೆ. ಆ ಮಾತೇ ಜನರನ್ನು ದಾರಿ ತಪ್ಪಿಸಿದೆ. ವಿ-1 ಬಂದಾಗ ನಿರ್ಧಾರ ಶುರುವಾಗಬಾರದು, ಮುಗಿದಿರಬೇಕು. ನಿಲ್ಲಿಸುವುದಾದರೆ ಮೊದಲ ಕೈಕೆಲಸ, ಅಂದರೆ ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಸ್ಟ್ ಲಿವರ್ ಹಿಂದಕ್ಕೆ ಎಳೆಯುವುದೋ ಬ್ರೇಕ್ ಒತ್ತುವುದೋ, ವಿ-1ರ ಒಳಗೆ ಆಗಿರಬೇಕು. ಅಲ್ಲಿಯವರೆಗೆ ಕ್ಯಾಪ್ಟನ್ ಕೈ ಲಿವರ್ ಮೇಲಿರುತ್ತದೆ. ‘ವಿ ಒನ್’ ಎಂಬ ಕೂಗು ಬಿದ್ದ ಕೂಡಲೇ ಕೈ ತೆಗೆಯುತ್ತಾರೆ. ಕೈ ಅಲ್ಲೇ ಇದ್ದರೆ ಗಾಬರಿಯಲ್ಲಿ ಎಳೆದುಬಿಡುವ ಭಯ.

ವಿ-1 ಎರಡು ಷರತ್ತುಗಳ ನಡುವೆ ಕೂರುತ್ತದೆ. ಆ ವೇಗದಲ್ಲಿ ನಿಲ್ಲಿಸಲು ಶುರು ಮಾಡಿದರೆ ಉಳಿದ ರನ್‌ವೇಯಲ್ಲಿ ವಿಮಾನ ನಿಲ್ಲಬೇಕು. ಅದಕ್ಕೆ ಸುಮಾರು ಒಂದು ಸೆಕೆಂಡ್ ಮೊದಲು ಎಂಜಿನ್ ಕೆಟ್ಟು ಮುಂದುವರಿದರೆ, ನಿಗದಿಯಾದ ದೂರದ ಕೊನೆಯಲ್ಲಿ ವಿಮಾನ ನೆಲದಿಂದ 35 ಅಡಿ ಮೇಲಿರಬೇಕು. ರನ್‌ವೇ ಒದ್ದೆಯಿದ್ದರೆ 15 ಅಡಿ ಸಾಕು ಎನ್ನುತ್ತದೆ ನಿಯಮ, ಏಕೆಂದರೆ ಒದ್ದೆ ನೆಲದಲ್ಲಿ ನಿಲ್ಲುವುದು ಕಷ್ಟವಾದ್ದರಿಂದ ವಿ-1 ಅನ್ನು ಕೆಳಗಿಳಿಸುತ್ತಾರೆ. ನಿಲ್ಲುವ ದೂರಕ್ಕೆ, ವಿ-1 ವೇಗದಲ್ಲಿ 2 ಸೆಕೆಂಡ್ ಓಡುವಷ್ಟು ದೂರವನ್ನು ಹೆಚ್ಚುವರಿಯಾಗಿ ಸೇರಿಸಿರುತ್ತಾರೆ. ಇದನ್ನು ಯೋಚನೆಗೆ ಕೊಟ್ಟ ಸಮಯ ಎಂದುಕೊಳ್ಳುವವರಿದ್ದಾರೆ. ಅಲ್ಲ. ಪ್ರಮಾಣೀಕರಣ ಪರೀಕ್ಷೆಯ ಪೈಲಟ್‌ಗಿಂತ ದಿನನಿತ್ಯದ ಪೈಲಟ್ ಕೈ ತುಸು ನಿಧಾನ ಇರುತ್ತದೆ ಎಂಬುದಕ್ಕೆ ಇಟ್ಟ ಅಳತೆ ಅದು.

ನೀವು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವರು, ಒಂದು ಲೆಕ್ಕ ಮಾಡಿ ನೋಡೋಣ. ರನ್‌ವೇ ಉದ್ದ ಕರಾರುವಾಕ್ಕಾಗಿ ಸಾಕಾಗುವಷ್ಟೇ ಇದೆ, ಆ ಹೆಚ್ಚುವರಿ ದೂರ ಕೈಯ ನಿಧಾನಕ್ಕೇ ಖರ್ಚಾಗಿದೆ ಎಂದುಕೊಳ್ಳಿ. ವಿ-1 140 ನಾಟ್, ಅಂದರೆ ಸೆಕೆಂಡಿಗೆ 72 ಮೀಟರ್. ಪೈಲಟ್ 2 ಸೆಕೆಂಡ್ ತಡವಾಗಿ ಬ್ರೇಕ್ ಹಾಕಿದರು. ಆ 2 ಸೆಕೆಂಡಿನಲ್ಲಿ ವೇಗ ಇನ್ನೂ ಏರುತ್ತಿರುತ್ತದೆ, ಸೆಕೆಂಡಿಗೆ 76 ಮೀಟರ್‌ ಮುಟ್ಟಿತು ಎನ್ನೋಣ. ಓಡಿದ್ದು 148 ಮೀಟರ್. ಹೆಚ್ಚಿದ ವೇಗವನ್ನು ಇಳಿಸಲು ಇನ್ನೊಂದು 100 ಮೀಟರ್ ಬೇಕು. ಒಟ್ಟು ಸುಮಾರು 250 ಮೀಟರ್ ಕೊರತೆ. ಬ್ರೇಕ್ ಸೆಕೆಂಡಿಗೆ 3 ಮೀಟರ್‌ನಂತೆ ವೇಗ ಇಳಿಸುತ್ತಿದ್ದರೆ, ರನ್‌ವೇಯ ಅಂಚು ದಾಟುವಾಗ ವಿಮಾನದ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಎರಡು ಸೆಕೆಂಡಿನ ಹಿಂಜರಿಕೆಗೆ ಇಷ್ಟು ಬೆಲೆ. ಅದೇ ವಿ-1 ದಾಟಿ 2 ಸೆಕೆಂಡಿಗೆ ಎಂಜಿನ್ ಕೆಟ್ಟು ಮುಂದುವರಿದರೆ, ವೇಗ ಆಗಲೇ ಹೆಚ್ಚಿರುವುದರಿಂದ 35 ಅಡಿಗಿಂತ ಮೇಲೇ ಅಂಚು ದಾಟುತ್ತದೆ. ಒಂದು ಎಂಜಿನ್ನಿನಲ್ಲಿ ಹಾರುವುದನ್ನು ಪರೀಕ್ಷೆ ಮಾಡಿ ತೋರಿಸಿರುತ್ತಾರೆ, ರನ್‌ವೇ ದಾಟಿ ಹೊಲಕ್ಕಿಳಿಯುವುದನ್ನು ಯಾರೂ ಪರೀಕ್ಷೆ ಮಾಡಿ ಸರಿ ಎಂದಿಲ್ಲ.

ಈಗ ಸಾಂಬ್ರಾಕ್ಕೆ ಬರೋಣ. ರನ್‌ವೇ 2,300 ಮೀಟರ್, ಎತ್ತರ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ. ಈ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. ಬೇಸಿಗೆಯ ಮಧ್ಯಾಹ್ನ 38 ಇದ್ದರೆ ಅದು 28 ಡಿಗ್ರಿ ಮೇಲಾಯಿತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿದರೆ, ವಿಮಾನದ ಪಾಲಿಗೆ ಸಾಂಬ್ರಾ ಆ ಹೊತ್ತಿನಲ್ಲಿ 5,800 ಅಡಿ ಎತ್ತರದ ಊರು. ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 84ರಷ್ಟು ಮಾತ್ರ. ಸ್ಪೀಡ್ ಮೀಟರ್ 130 ತೋರಿಸುವಾಗ ನೆಲದ ಮೇಲೆ ಚಕ್ರ 142ರಲ್ಲಿ ಉರುಳುತ್ತಿರುತ್ತದೆ, ಅಂದರೆ ಶೇ. 9 ಹೆಚ್ಚು. ಬ್ರೇಕ್ ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 19 ಹೆಚ್ಚು. ಇದರ ಮೇಲೆ ಎಂಜಿನ್ನಿನ ಕಥೆ ಬೇರೆ. ಬಹುತೇಕ ಜೆಟ್ ಎಂಜಿನ್‌ಗಳು ಪ್ರಮಾಣಿತಕ್ಕಿಂತ 15 ಡಿಗ್ರಿ ಮೇಲಿನವರೆಗೆ ಪೂರ್ಣ ಶಕ್ತಿ ಕೊಡುತ್ತವೆ. ಅದರಾಚೆ ಟರ್ಬೈನ್ ಕಾಯದಂತೆ ಕಂಪ್ಯೂಟರ್ ಶಕ್ತಿ ಇಳಿಸುತ್ತದೆ. ಸಾಂಬ್ರಾದಲ್ಲಿ ಆ ಗಡಿ 25 ಡಿಗ್ರಿಗೇ ಬಂತು. ವಿಜಯಪುರ, ಬಾಗಲಕೋಟೆಯ ಬಿಸಿಲಿನ ಲೆಕ್ಕ ಹಾಕಿದರೆ ಇನ್ನೂ ಬಿಗಿ.

ರನ್‌ವೇ ಸಾಲದೆ ಹೋಗುವುದು ಒಂದು ಮಿತಿ. ಏರುವ ಇಳಿಜಾರು ಇನ್ನೊಂದು, ಮತ್ತು ಬಿಸಿಲಿನಲ್ಲಿ ಹಲವು ಸಲ ಮೊದಲು ಕೈ ಹಿಡಿಯುವುದು ಇದೇ. ಚಕ್ರ ಒಳಗೆ ಹೋದ ಮೇಲೆ, ಒಂದು ಎಂಜಿನ್ ಸತ್ತ ಸ್ಥಿತಿಯಲ್ಲಿ, ಎರಡು ಎಂಜಿನ್ನಿನ ವಿಮಾನ ಕನಿಷ್ಠ ಶೇ. 2.4ರಷ್ಟು ಏರಬೇಕು. ಸಾವಿರ ಮೀಟರ್ ಮುಂದೆ ಹೋದರೆ 24 ಮೀಟರ್ ಮೇಲೆ. ಅಡೆತಡೆ ದಾಟುವ ಲೆಕ್ಕಕ್ಕೆ ಅದರಲ್ಲೂ ಶೇ. 0.8 ಕಳೆದು, ಉಳಿದ ದಾರಿ ಗುಡ್ಡ, ಟವರ್, ಮರಗಳಿಗಿಂತ 35 ಅಡಿ ಮೇಲಿರಬೇಕು. ರನ್‌ವೇ 26ರಿಂದ, ಅಂದರೆ ಪಶ್ಚಿಮಕ್ಕೆ, ಹೊರಟರೆ ಮುಂದೆ ಬೆಳಗಾವಿ ಊರು, ಅದರಾಚೆ ಸಹ್ಯಾದ್ರಿಯ ಕಡೆಯ ಏರು. ಅದರ ಎದುರು ತುದಿ 08ರಿಂದ ಹೊರಟರೆ ಪೂರ್ವದ ಬಯಲು. ಹೀಗೆ ಪ್ರತಿ ರನ್‌ವೇಯ ಪ್ರತಿ ತುದಿಗೂ ಎಂಜಿನ್ ಕೆಟ್ಟಾಗ ಯಾವ ದಾರಿ ಹಿಡಿಯಬೇಕೆಂದು ಕಂಪನಿಯ ಎಂಜಿನಿಯರ್‌ಗಳು ಮೊದಲೇ ಬರೆದಿಟ್ಟಿರುತ್ತಾರೆ. ಮಾಮೂಲಿ ದಾರಿ ಎರಡು ಎಂಜಿನ್ನಿನ ಶಕ್ತಿಗೆ ಬರೆದದ್ದು, ಅದನ್ನೇ ಹಿಡಿದರೆ ಗುಡ್ಡ ದಾಟುವ ಖಾತರಿಯಿಲ್ಲ.

ವಿ-1ಕ್ಕೆ ಮೊದಲು ಕೆಟ್ಟರೆ? ಅಲ್ಲೂ ಎರಡು ಹಂತ. ಬೋಯಿಂಗ್‌ನಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್ ಗಡಿ. ಅದರ ಕೆಳಗೆ ಸಣ್ಣ ಎಚ್ಚರಿಕೆ ದೀಪಕ್ಕೂ ನಿಲ್ಲಿಸಬಹುದು. ಮೇಲೆ ಹೋದ ಮೇಲೆ ಎಂಜಿನ್ ಸಾಯುವುದು, ಬೆಂಕಿ, ವಿಮಾನ ಹಾರಲಾರದು ಎಂಬ ಸ್ಪಷ್ಟ ಅನುಮಾನದಂಥ ಕೆಲವೇ ಕಾರಣಕ್ಕೆ ನಿಲ್ಲಿಸಬೇಕು. ಟೈರ್ ಒಡೆದ ಸದ್ದಿಗೆ, ವಿ-1ಕ್ಕೆ 20 ನಾಟ್ ಒಳಗೆ ಬಂದಿದ್ದರೆ, ಹಾರುವುದೇ ಒಳ್ಳೆಯದು ಎನ್ನುತ್ತದೆ ಏರ್‌ಬಸ್. ಒಡೆದ ಟೈರಿನಲ್ಲಿ ಬ್ರೇಕಿನ ಹಿಡಿತ ತಗ್ಗಿರುತ್ತದೆ, ನಿಲ್ಲುವ ಲೆಕ್ಕ ಪೂರ್ತಿ ಬ್ರೇಕಿಗೆ ಹಾಕಿದ್ದು.

ನಿಲ್ಲಿಸುವ ಕೈಕೆಲಸ ಚಿಕ್ಕದು, ಆದರೆ ಅರೆಮನಸ್ಸಿನಿಂದ ಮಾಡುವಂಥದ್ದಲ್ಲ. ಲಿವರ್ ಪೂರ್ತಿ ಹಿಂದಕ್ಕೆ, ಬ್ರೇಕ್ ಪೂರ್ತಿ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಎದ್ದವೇ ಎಂದು ನೋಡುವುದು, ರಿವರ್ಸ್, ಅಂದರೆ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದು. ಆಟೋಬ್ರೇಕ್ ಮೊದಲೇ ಸಿದ್ಧ ಇಟ್ಟಿರುವುದರಿಂದ ಲಿವರ್ ಎಳೆದ ಕೂಡಲೇ ಅದು ಹಿಡಿಯುತ್ತದೆ. ಸ್ಪಾಯ್ಲರ್ ಏಳದಿದ್ದರೆ ರೆಕ್ಕೆ ಇನ್ನೂ ಭಾರ ಎತ್ತುತ್ತಲೇ ಇರುತ್ತದೆ, ಚಕ್ರಕ್ಕೆ ನೆಲದ ಹಿಡಿತ ಸಿಗುವುದಿಲ್ಲ, ಬ್ರೇಕ್ ಇದ್ದೂ ಇಲ್ಲದಂತೆ. ಒಣ ರನ್‌ವೇಯ ಲೆಕ್ಕದಲ್ಲಿ ರಿವರ್ಸ್ ಅನ್ನು ಸೇರಿಸಿರುವುದಿಲ್ಲ, ಸಿಕ್ಕಷ್ಟು ಲಾಭ. 70 ಟನ್ ವಿಮಾನವನ್ನು 140 ನಾಟ್‌ನಿಂದ ನಿಲ್ಲಿಸುವಾಗ ಕರಗಿಸಬೇಕಾದ ಶಕ್ತಿ ಸುಮಾರು 180 ಮೆಗಾಜೂಲ್. 540 ಲೀಟರ್ ತಣ್ಣೀರು ಕುದಿಯುವಷ್ಟು ಕಾವು, ಅರ್ಧ ನಿಮಿಷದೊಳಗೆ, ಬಹುಪಾಲು ಬ್ರೇಕ್ ತಟ್ಟೆಗಳ ಮೇಲೆ. ನಿಂತ ಮೇಲೂ ಚಕ್ರದ ರಿಮ್ ಕಾಯುತ್ತಲೇ ಹೋಗುತ್ತದೆ. ಟೈರ್ ಸಿಡಿಯಬಾರದೆಂದು ರಿಮ್‌ನಲ್ಲಿ ಕರಗುವ ಬಿರಡೆ ಇಟ್ಟಿರುತ್ತಾರೆ, ಅದು ಕರಗಿ ಗಾಳಿ ಹೊರಬಿಡುತ್ತದೆ. ಆದ್ದರಿಂದ ನೆಲದ ಸಿಬ್ಬಂದಿ ಬಿಸಿ ಚಕ್ರದ ಹತ್ತಿರ ಹೋಗಬೇಕಾದರೆ ಮುಂದಿನಿಂದ ಇಲ್ಲವೇ ಹಿಂದಿನಿಂದ ಹೋಗಬೇಕು, ಪಕ್ಕದಿಂದ ಬೇಡವೇ ಬೇಡ. ರಿಮ್ ಒಡೆದರೆ ಚೂರು ಹಾರುವುದು ಪಕ್ಕಕ್ಕೆ.

ನಿಂತ ಮೇಲೆ ಎಲ್ಲಿ ನಿಲ್ಲಬೇಕು ಎಂಬುದೂ ಜೀವದ ಪ್ರಶ್ನೆ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಬೋಯಿಂಗ್ 737ರ ಎಡ ಎಂಜಿನ್ ಒಡೆದು ಇಂಧನ ಟ್ಯಾಂಕಿಗೆ ತೂತಾಯಿತು. ಸದ್ದು ಕೇಳಿ ಟೈರ್ ಎಂದುಕೊಂಡ ಪೈಲಟ್‌ಗಳು ಬ್ರೇಕನ್ನು ಹದವಾಗಿ ಬಳಸಿ, ರನ್‌ವೇ ಬಿಟ್ಟು ಪಕ್ಕದ ದಾರಿಗೆ ತಿರುಗಿಸಿ ನಿಲ್ಲಿಸಿದರು. ಆ ತಿರುವಿನಿಂದ ಗಾಳಿ ಬೆಂಕಿಯನ್ನು ನೇರ ಕ್ಯಾಬಿನ್ ಕಡೆ ತಳ್ಳಿತು. 55 ಜನ ಸತ್ತರು. ಅದಕ್ಕೇ ಈಗಿನ ಪಾಠ: ರನ್‌ವೇ ಮೇಲೇ ನಿಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ರನ್‌ವೇ ಖಾಲಿ ಮಾಡುವ ಸೌಜನ್ಯ ಆಮೇಲೆ. 2015ರ ಸೆಪ್ಟೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಬೋಯಿಂಗ್ 777ರ ಎಂಜಿನ್ 77 ನಾಟ್ ಆಸುಪಾಸಿನಲ್ಲಿ ಒಡೆಯಿತು. ಅಲ್ಲೇ ನಿಲ್ಲಿಸಿದರು, ಬೆಂಕಿ ಹತ್ತಿದರೂ 170 ಜನರೂ ಹೊರಬಂದರು.

ಇನ್ನು ಮುಂದುವರಿಯುವ ದಾರಿ. ಜೋಡೆತ್ತಿನ ಗಾಡಿಯಲ್ಲಿ ಒಂದೆತ್ತು ತಟಕ್ಕನೆ ನಿಂತರೆ ಗಾಡಿ ನಿಂತ ಎತ್ತಿನ ಕಡೆಗೇ ತಿರುಗುವುದಲ್ಲವೇ, ವಿಮಾನವೂ ಸತ್ತ ಎಂಜಿನ್ ಕಡೆ ಮೂತಿ ತಿರುಗಿಸುತ್ತದೆ. ಎ-320ರಲ್ಲಿ ಎಂಜಿನ್ ನಡುಗೆರೆಯಿಂದ 5.75 ಮೀಟರ್ ದೂರ, ಒಂದೊಂದು ಎಂಜಿನ್ನಿನ ಗರಿಷ್ಠ ತಳ್ಳು 12 ಟನ್ ಆಸುಪಾಸು. ಆ ತಿರುಚುವ ಬಲಕ್ಕೆ ಎದುರಾಗಿ ಇರುವುದು ರಡ್ಡರ್, ಅಂದರೆ ನೆಟ್ಟಗಿನ ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆ, ಒಂದೇ. ಬಲ ಎಂಜಿನ್ ಸತ್ತರೆ ಎಡ ಪೆಡಲ್. ರಡ್ಡರ್‌ಗೆ ಗಾಳಿಯ ಬಲ ಬೇಕು, ಗಾಳಿಗೆ ವೇಗ ಬೇಕು. ಯಾವ ವೇಗದ ಕೆಳಗೆ ನೆಲದ ಮೇಲೆ ರಡ್ಡರ್ ಒಂದರಿಂದಲೇ ವಿಮಾನವನ್ನು ಹಿಡಿಯಲಾಗದೋ, ಅದು ನೆಲದ ಕನಿಷ್ಠ ನಿಯಂತ್ರಣ ವೇಗ. ವಿ-1 ಅದಕ್ಕಿಂತ ಕೆಳಗೆ ಇರುವಂತಿಲ್ಲ. ಪರೀಕ್ಷೆಯಲ್ಲಿ ನಡುಗೆರೆಯಿಂದ 30 ಅಡಿಗಿಂತ ಹೆಚ್ಚು ಸರಿಯಬಾರದು, ಮುಂಚಕ್ರ ತಿರುಗಿಸುವ ಸಹಾಯ ಇಲ್ಲದೆ. ಅಮೆರಿಕದ ನಿಯಮದ ಈ ಪರೀಕ್ಷೆಯಲ್ಲಿ ಅಡ್ಡಗಾಳಿಯ ಲೆಕ್ಕವಿಲ್ಲ ಎಂಬುದನ್ನು ಪೈಲಟ್ ನೆನಪಿಡಬೇಕು. ಎಂಬ್ರೇಯರ್ 145ರಂತೆ ಎಂಜಿನ್ ಬಾಲಕ್ಕೆ ಅಂಟಿಕೊಂಡಿರುವ ವಿಮಾನದಲ್ಲಿ ಈ ಎಳೆತ ಕಡಿಮೆ. ಎಟಿಆರ್ 72ರಲ್ಲಿ ತೊಂದರೆ ಬೇರೆ ಬಗೆಯದು: ಸತ್ತ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ತಟ್ಟೆಯಂತೆ ಅಡ್ಡ ನಿಲ್ಲುತ್ತದೆ. ಅದಕ್ಕೆ ಯಂತ್ರವೇ ಒಂದೆರಡು ಸೆಕೆಂಡಿನಲ್ಲಿ ಅದರ ರೆಕ್ಕೆಗಳನ್ನು ಗಾಳಿಗೆ ಸಮಾನಾಂತರ ತಿರುಗಿಸಿ, ಇನ್ನೊಂದು ಎಂಜಿನ್ನನ್ನು ಶೇ. 90ರಿಂದ 100ಕ್ಕೆ ಏರಿಸುತ್ತದೆ.

ಮೂತಿ ಎತ್ತುವಾಗ ತುಸು ನಿಧಾನ, ಮತ್ತು ಮಾಮೂಲಿಗಿಂತ ಕಡಿಮೆ ಕೋನಕ್ಕೆ. ಎ-320ರಲ್ಲಿ ಮೊದಲ ಗುರಿ 12.5 ಡಿಗ್ರಿ. ಅವಸರದಲ್ಲಿ ಎತ್ತಿದರೆ ಬಾಲ ನೆಲಕ್ಕೆ ತಾಗಬಹುದು, ವೇಗವಂತೂ ಕರಗುತ್ತದೆ. ಏರುವುದು ಖಚಿತವಾದ ಮೇಲೆ ಚಕ್ರ ಒಳಗೆ. ಆಮೇಲೆ ಹೊಸಬರಿಗೆ ಅತ್ಯಂತ ಕಷ್ಟವಾದ ಕೆಲಸ: ಸುಮ್ಮನಿರುವುದು. ಕನಿಷ್ಠ 400 ಅಡಿವರೆಗೆ ದಾರಿ, ವೇಗ ಹಿಡಿಯುವುದು ಬಿಟ್ಟು ಬೇರೇನೂ ಇಲ್ಲ. ಗಂಟೆ ಬಡಿಯುತ್ತಿರಲಿ, ಬೆಂಕಿಯ ದೀಪ ಉರಿಯುತ್ತಿರಲಿ, ಗಂಟೆ ಆರಿಸಿ ಹಾರಿಸುತ್ತಲೇ ಇರುತ್ತಾರೆ. ಎಂಜಿನ್ ಬೆಂಕಿ ಇರುವುದು ರೆಕ್ಕೆಯಿಂದ ಹೊರಗೆ, ಬೆಂಕಿ ತಡೆಯುವ ಗೋಡೆಗಳಾಚೆ. ಇಪ್ಪತ್ತು ಮೂವತ್ತು ಸೆಕೆಂಡ್ ಕಾಯಬಹುದು. ನೆಲದಿಂದ 200 ಅಡಿಯಲ್ಲಿ ವೇಗ ಕಳೆದುಕೊಂಡರೆ ಐದು ಸೆಕೆಂಡೂ ಸಿಗುವುದಿಲ್ಲ.

400 ಅಡಿ ದಾಟಿದ ಮೇಲೆ, ಯಾವ ಎಂಜಿನ್ ಎಂದು ಇಬ್ಬರೂ ಮೀಟರ್ ನೋಡಿ ಬಾಯಿಬಿಟ್ಟು ಹೇಳುತ್ತಾರೆ. ಒಬ್ಬರು ಲಿವರ್ ಮೇಲೆ ಬೆರಳಿಟ್ಟು ‘ಎಂಜಿನ್ 2, ಸರಿಯೇ?’ ಎನ್ನಬೇಕು, ಇನ್ನೊಬ್ಬರು ‘ಸರಿ’ ಎಂದ ಮೇಲೆಯೇ ಎಳೆಯಬೇಕು. ಬೆಂಕಿಯಿದ್ದರೆ ಲಿವರ್, ನಂತರ ಇಂಧನದ ಸ್ವಿಚ್, ನಂತರ ಬೆಂಕಿಯ ಗುಂಡಿ ಅಥವಾ ಹಿಡಿಕೆ. ಏರ್‌ಬಸ್‌ನಲ್ಲಿ 10 ಸೆಕೆಂಡ್ ಬಿಟ್ಟು ಮೊದಲ ಬೆಂಕಿನಂದಿಸುವ ಬಾಟಲಿ, 30 ಸೆಕೆಂಡ್ ಆದರೂ ಆರದಿದ್ದರೆ ಎರಡನೆಯದು. ಇದನ್ನು ಇಷ್ಟು ನಿಧಾನ ಮಾಡುವುದೇಕೆ ಎಂಬುದಕ್ಕೆ 2015ರ ಫೆಬ್ರವರಿ 4ರ ತೈಪೆ ಸಾಕ್ಷಿ. ಟೇಕಾಫ್ ಆದ ಅರ್ಧ ನಿಮಿಷ ಕಳೆಯುತ್ತಲೇ ಎಟಿಆರ್ 72-600ರ ಬಲಗಡೆ ಪ್ರೊಪೆಲರ್ ತಾನಾಗಿ ಸಮಾನಾಂತರಕ್ಕೆ ತಿರುಗಿ ಆ ಎಂಜಿನ್ ಕೆಲಸ ನಿಲ್ಲಿಸಿತು. ಕ್ಯಾಪ್ಟನ್ ಎಳೆದದ್ದು ಎಡಗಡೆಯ, ಚೆನ್ನಾಗಿದ್ದ ಎಂಜಿನ್ನಿನ ಲಿವರ್. ವಿಮಾನ ನದಿಗೆ ಬಿತ್ತು, 58 ಜನರಲ್ಲಿ 43 ಮಂದಿ ಸತ್ತರು. ಕೈಗಳು ಸುಮ್ಮನಿದ್ದಿದ್ದರೆ ಒಂದು ಎಂಜಿನ್ನಿನಲ್ಲೇ ಅದು ಏರುತ್ತಿತ್ತು.

ವೇಗದ ವಿಷಯಕ್ಕೂ ಒಂದು ಕಹಿ ಪಾಠವಿದೆ. 1979ರ ಮೇ 25ರಂದು ಷಿಕಾಗೊದಲ್ಲಿ ಡಿಸಿ-10ರ ಎಡ ಎಂಜಿನ್ ಟೇಕಾಫ್ ವೇಳೆ ಕಳಚಿಯೇ ಬಿತ್ತು, ಹೋಗುವಾಗ ಹೈಡ್ರಾಲಿಕ್ ಕೊಳವೆಗಳನ್ನೂ ಕಿತ್ತಿತು. ಕಡಿಮೆ ವೇಗದಲ್ಲೂ ಎತ್ತುವ ಬಲ ಉಳಿಸುವ, ಎಡ ರೆಕ್ಕೆಯ ಮುಂದಂಚಿನ ಸ್ಲ್ಯಾಟ್ ಎಂಬ ಪಟ್ಟಿಗಳು ಒಳಸರಿದವು. ವೇಗ 172 ನಾಟ್ ಇತ್ತು. ಅಂದಿನ ವಿಧಾನದಂತೆ ಅದನ್ನು ವಿ-2ಕ್ಕೆ (ಒಂದು ಎಂಜಿನ್ ಹೋದಾಗ ಏರಲು ನಿಗದಿಯಾದ ವೇಗ), ಅಂದರೆ 153ಕ್ಕೆ ಇಳಿಸುತ್ತ ಹೋದರು. ಕೆಟ್ಟ ರೆಕ್ಕೆಗೆ 159ರಲ್ಲೇ ಎತ್ತುವ ಬಲ ತಪ್ಪಿಹೋಗುತ್ತಿತ್ತು. 273 ಸಾವು. ಅಂದಿನಿಂದ, ವಿ-2ಕ್ಕಿಂತ ಹೆಚ್ಚು ವೇಗ ಕೈಯಲ್ಲಿದ್ದರೆ ಅದನ್ನು ಬಿಟ್ಟುಕೊಡದೆ ಮಿತಿಯೊಳಗೆ ಹಿಡಿದುಕೊಳ್ಳುವುದು ರೂಢಿಯಾಯಿತು.

ಸರಕು ವಿಮಾನದ ಪ್ರಶ್ನೆ. ನಿಯಮ ಒಂದೇ, ಸಂಖ್ಯೆ ಬೇರೆ. ಮೂರು ಎಂಜಿನ್ನಿದ್ದರೆ ಏರು ಶೇ. 2.7, ನಾಲ್ಕಿದ್ದರೆ ಶೇ. 3. ನಾಲ್ಕರಲ್ಲಿ ಒಂದು ಹೋದರೆ ಕಾಲು ಭಾಗ ಶಕ್ತಿ ಮಾತ್ರ ಹೋಗುವುದರಿಂದ ಬಿಗಿ ಹೆಚ್ಚು. 747ರಂಥದ್ದರಲ್ಲಿ ಹೊರಗಿನ ಎಂಜಿನ್ ಕೆಟ್ಟರೆ ಎಳೆತ ಬಲು ಜೋರು. ವಿಚಿತ್ರವೆಂದರೆ ಸರಕು ವಿಮಾನ ಖಾಲಿ ಹಾರುವಾಗಲೂ ಅಪಾಯ ಕಡಿಮೆಯಿಲ್ಲ. ತೂಕ ಕಡಿಮೆ, ಹಾಗಾಗಿ ಹಾರುವ ವೇಗವೂ ಕಡಿಮೆ, ರಡ್ಡರ್‌ಗೆ ಗಾಳಿ ಸಾಲದು. ಅದಕ್ಕೆ ಎಂಜಿನ್ ಶಕ್ತಿಯನ್ನೇ ನಿಗದಿತ ಮಟ್ಟಕ್ಕೆ ಇಳಿಸಿ ಹೊರಡುವ ವಿಧಾನವಿದೆ. ಹೀಗೆ ಇಳಿಸಿ ಹೊರಟಾಗ ಎಂಜಿನ್ ಕೆಟ್ಟರೆ, ಕಡಿಮೆ ವೇಗದಲ್ಲಿ ಉಳಿದವನ್ನು ಪೂರ್ತಿ ತಳ್ಳುವಂತಿಲ್ಲ. ತಳ್ಳಿದರೆ ರಡ್ಡರ್ ಸೋಲುತ್ತದೆ. ಹೆಚ್ಚು ಉಷ್ಣಾಂಶ ಊಹಿಸಿಕೊಂಡು ಶಕ್ತಿ ಇಳಿಸುವ ಇನ್ನೊಂದು ವಿಧಾನದಲ್ಲಿ ಈ ಕಟ್ಟಿಲ್ಲ, ಬೇಕೆಂದರೆ ಪೂರ್ತಿ ತಳ್ಳಬಹುದು. ಇವೆರಡನ್ನೂ ಒಂದೇ ಎಂದುಕೊಳ್ಳುವ ಪೈಲಟ್‌ ವಿದ್ಯಾರ್ಥಿಗಳು ಕಡಿಮೆಯಿಲ್ಲ.

2008ರ ಮೇ 25ರಂದು ಬ್ರಸೆಲ್ಸ್‌ನಲ್ಲಿ 747 ಸರಕು ವಿಮಾನದ ಒಂದು ಎಂಜಿನ್ನಿಗೆ ಹಕ್ಕಿ ಹೊಕ್ಕು ಸ್ಫೋಟದಂಥ ಸದ್ದಾಯಿತು. ಇನ್ನೂ ಮೂರು ಎಂಜಿನ್ ಚೆನ್ನಾಗಿದ್ದವು. ವಿ-1 ದಾಟಿ 12 ನಾಟ್ ಆಗಿತ್ತು, ಆದರೂ ನಿಲ್ಲಿಸಲು ಲಿವರ್ ಎಳೆದರು. ವಿಮಾನ ರನ್‌ವೇ ಆಚೆ ಹೋಗಿ ಮೂರು ತುಂಡಾಯಿತು. ಒಳಗಿದ್ದ ಐವರೂ ಬದುಕಿದ್ದು ಅದೃಷ್ಟ. ವಿ-1 ಆದ ಮೇಲೆ ನಿಲ್ಲಿಸುವುದು ಒಂದೇ ಸಂದರ್ಭದಲ್ಲಿ ಸರಿ: ವಿಮಾನ ಹಾರುವುದೇ ಇಲ್ಲ ಎಂದಾದಾಗ. 2017ರಲ್ಲಿ ಅಮೆರಿಕದ ಇಪ್ಸಿಲಾಂಟಿಯಲ್ಲಿ ಎಂಡಿ-83ರ ಬಾಲದ ಎಲಿವೇಟರ್ ಸಿಕ್ಕಿಕೊಂಡು, ಎಳೆದರೂ ಮೂತಿ ಏಳಲಿಲ್ಲ. ವಿ-1 ಮೀರಿ ನಿಲ್ಲಿಸಿದರು, ಹೊರಗೆ ಹೋಗಿ ಮುರಿಯಿತು, 116 ಜನರೂ ಉಳಿದರು.

ಅಹಮದಾಬಾದ್ ನೆನಪಾಗದೆ ಇರದು. 2025ರ ಜೂನ್ 12ರಂದು 787ರ ಎರಡೂ ಎಂಜಿನ್ನಿನ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ಕಡಿತದ ಸ್ಥಾನಕ್ಕೆ ಹೋದವು ಎಂದು ಪ್ರಾಥಮಿಕ ವರದಿ ಹೇಳುತ್ತದೆ. ಇಲ್ಲಿ ವಿವರಿಸಿದ ಯಾವ ಲೆಕ್ಕವೂ ಆ ಸ್ಥಿತಿಗೆ ಅನ್ವಯಿಸದು. ವಿ-1, ಶೇ. 2.4 ಎಲ್ಲವೂ ಒಂದು ಎಂಜಿನ್ ಉಳಿದಿದೆ ಎಂಬುದರ ಮೇಲೆ ನಿಂತಿವೆ.

ಸೀಟಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತದೆ ಎಂದರೆ: ದೊಡ್ಡ ಸದ್ದು, ಮೂತಿ ಒಂದು ಬದಿಗೆ ಜಗ್ಗಿದ ಹಾಗೆ, ಕೆಲವೊಮ್ಮೆ ಕಿಟಕಿಯಲ್ಲಿ ಬೆಂಕಿಯ ನಾಲಿಗೆ, ಮತ್ತೆ ನಿಧಾನವಾದ ಏರು. ಐದು ಹತ್ತು ನಿಮಿಷ ಯಾರೂ ಏನೂ ಹೇಳದಿದ್ದರೆ ಪೈಲಟ್‌ಗಳು ಸರಿಯಾದ ಕೆಲಸದಲ್ಲಿದ್ದಾರೆ ಎಂದೇ ಅರ್ಥ. ಎ-320ರಂಥ ವಿಮಾನದಲ್ಲಿ ಇಂಧನ ಹೊರಚೆಲ್ಲುವ ಸೌಲಭ್ಯವಿಲ್ಲ. ಭಾರವಾಗಿಯೇ ಇಳಿಯಬೇಕು, ಹಾಗಾಗಿ ಬೆಂಕಿ ಆರಿದ್ದರೆ 2,300 ಮೀಟರಿನ ಸಾಂಬ್ರಾಕ್ಕೆ ಮರಳುವ ಬದಲು 4,000 ಮೀಟರ್ ರನ್‌ವೇ ಇರುವ ಬೆಂಗಳೂರಿನತ್ತ ಹೋಗುವುದೂ ಉಂಟು. ಬೆಂಕಿ ಆರದಿದ್ದರೆ ಆ ಮಾತೇ ಇಲ್ಲ, ಹತ್ತಿರದ ರನ್‌ವೇ.

ಲಗೇಜಿನ ವಿಷಯಕ್ಕೆ ಒಂದು ಉಪಾಯ: ಏಪ್ರಿಲ್, ಮೇನಲ್ಲಿ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಬೆಳಗ್ಗೆ 24 ಡಿಗ್ರಿ ಇದ್ದರೆ ಸಾಂಬ್ರಾ ವಿಮಾನಕ್ಕೆ 4,200 ಅಡಿಯ ಊರು, ಎಂಜಿನ್ ಪೂರ್ತಿ ಶಕ್ತಿ ಕೊಡುತ್ತದೆ, ಕುಂದಾದ ಪೆಟ್ಟಿಗೆಯೂ ನಿಮ್ಮ ಜೊತೆಗೇ ಇಳಿಯುತ್ತದೆ.